ಬಸುರಿ, ಬಾಣಂತಿ ಮತ್ತು ಮರೆವು

ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿಯುವವರೆಗೂ ಎಚ್ಚರವಾಗದಿರುವುದು, ಫ್ಲ್ಯಾಟಿನ ಬಾಗಿಲನ್ನು ಎಳೆದುಕೊಂಡ ಮೇಲೆ ಕೀಲಿಕೈ ಒಳಗೇ ಉಳಿಯಿತೆಂದು ತಿಳಿಯುವುದು, ಡೊಂಬಿವಲಿ ನಿಲ್ದಾಣದ ಸೇತುವೆಯನ್ನು ಹತ್ತಿ ಇಳಿದಾದ ಮೇಲೆ ಸೀಸನ್ ಪಾಸು ನಿನ್ನೆಯ ಕೈಚೀಲದಲ್ಲಿದೆಯೆಂದು ಹೊಳೆಯುವುದು, ಹತ್ತು ವರ್ಷ ಜೊತೆಯಲ್ಲಿ ದುಡಿದವಳ ಹೆಸರು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಲ್ಲುವುದು, ಇವೆಲ್ಲ ಚೊಚ್ಚಲ ಬಸುರಿಯರಾದ ಅನೇಕ ಹೆಣ್ಣುಮಕ್ಕಳು ನಗುತ್ತಲೋ ಅಳುತ್ತಲೋ ಹೇಳಿಕೊಳ್ಳುವ ಅನುಭವಗಳು. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನ್ವೇಲಿನವರೆಗೆ ಹರಡಿಕೊಂಡಿರುವ ನಮ್ಮ ಕನ್ನಡ ಮನೆಗಳಿಂದ ಊರಿಗೆ ಹೋಗುವ ದೂರವಾಣಿ ಕರೆಗಳಲ್ಲಿ ಈ ಮಾತು ಬಾರದ ದಿನವಿಲ್ಲ. "ಅಮ್ಮಾ, ನನಗೇನೋ ಆಗಿದೆ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ರಾತ್ರಿ ಮೂರು ಸಲ ಎದ್ದು ನೋಡುತ್ತೇನೆ" ಎಂದು ಮಗಳೆಂದರೆ, "ಹೆದರಬೇಡ ಮಗಾ, ನೀನು ಹೊಟ್ಟೆಯಲ್ಲಿದ್ದಾಗ ನಾನು ಪಾತ್ರೆಗೆ ನೀರು ಹಾಕದೆಯೇ ಒಲೆ ಹಚ್ಚಿದ್ದೆ" ಎಂದು ತಾಯಿ ಸಮಾಧಾನ ಹೇಳುತ್ತಾಳೆ.

ತಾಯಿಯ ಮಾತು ಬಹುಪಾಲು ಸರಿ. ಆದರೆ ಸಂಪೂರ್ಣ ಸರಿಯಲ್ಲ. ಈ ಮರೆವಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ತಪ್ಪುಗಳು ನಡೆಯುತ್ತಿರುತ್ತವೆ. ಸಹಜವಾದ ಸಣ್ಣ ಮರೆವನ್ನು ಕಂಡು "ಇವಳ ಬುದ್ಧಿ ಮಂಕಾಯಿತು" ಎನ್ನುವುದು ಒಂದು. ನಿಜವಾದ ಕಾಯಿಲೆಯೊಂದು ಮರೆವಿನ ವೇಷ ತೊಟ್ಟು ಬಂದಾಗ "ಬಸುರಿಯರಿಗೆ, ಬಾಣಂತಿಯರಿಗೆ ಇದೆಲ್ಲ ಇದ್ದದ್ದೇ" ಎಂದು ಕೈಬಿಡುವುದು ಇನ್ನೊಂದು. ಮೊದಲನೆಯದರಿಂದ ಹೆಣ್ಣಿನ ಮನಸ್ಸು ನೋಯುತ್ತದೆ. ಎರಡನೆಯದರಿಂದ ಪ್ರಾಣಕ್ಕೇ ಅಪಾಯವೊದಗಬಹುದು.

ಗರ್ಭಿಣಿಯ ಮನಸ್ಸು ಬದಲಾಗುತ್ತದೆಂಬುದು ನಮ್ಮ ಹಿರಿಯರಿಗೆ ಹೊಸ ಸಂಗತಿಯಲ್ಲ. ನಾಲ್ಕನೆಯ ತಿಂಗಳಿನಲ್ಲಿ ಗರ್ಭದ ಹೃದಯ ವ್ಯಕ್ತವಾಗುತ್ತದೆ, ಆಗ ತಾಯಿ ಎರಡು ಹೃದಯಗಳುಳ್ಳವಳಾಗುತ್ತಾಳೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಅವಳನ್ನು ದೌಹೃದಿನಿ ಎಂದು ಅದು ಕರೆಯಿತು. ಆಕೆಯ ಬಯಕೆಗಳನ್ನು ಅಲ್ಲಗಳೆಯಬಾರದೆಂಬ ನಿಯಮ ಹುಟ್ಟಿದುದು ಅದರಿಂದಲೇ. ಬಯಕೆಗೆ ನಮ್ಮಲ್ಲಿ ಊಟವಿದೆ, ಹಾಡಿದೆ, ಸೀಮಂತವಿದೆ, ಕುಬಸವಿದೆ. ಮರೆವಿಗೆ ಅಂಥ ಮರ್ಯಾದೆ ದೊರೆಯಲಿಲ್ಲ.

ಹಾಗಾದರೆ ಮರೆವು ನಿಜವಾಗಿಯೂ ಹೆಚ್ಚುತ್ತದೆಯೇ, ಅಥವಾ ಹೆಚ್ಚುತ್ತದೆಂಬ ಭಾವನೆ ಮಾತ್ರವೇ? ವೈದ್ಯಶಾಸ್ತ್ರಜ್ಞರಲ್ಲಿ ಈ ಬಗ್ಗೆ ಬಹುಕಾಲ ಒಮ್ಮತವಿರಲಿಲ್ಲ. 2018ರಲ್ಲಿ ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದುವರೆಗೆ ನಡೆದಿದ್ದ 20 ಅಧ್ಯಯನಗಳನ್ನು ಒಟ್ಟುಗೂಡಿಸಿ, 709 ಗರ್ಭಿಣಿಯರನ್ನೂ ಗರ್ಭಿಣಿಯರಲ್ಲದ 521 ಸ್ತ್ರೀಯರನ್ನೂ ಹೋಲಿಸಿ ಲೆಕ್ಕ ಹಾಕಿದರು. ಗರ್ಭಿಣಿಯರ ನೆನಪು ಮತ್ತು ಏಕಾಗ್ರತೆಯ ಅಂಕಗಳು ಸರಾಸರಿಯಲ್ಲಿ ಸ್ವಲ್ಪ ಕಡಿಮೆಯಿದ್ದವು. ಕೊನೆಯ ಮೂರು ತಿಂಗಳಲ್ಲಿ ಈ ಅಂತರ ಹೆಚ್ಚು ಸ್ಪಷ್ಟವಾಗಿತ್ತು. ಆದರೆ ಓದುಗರು ಗಮನಿಸಬೇಕಾದ ಅಂಶವೊಂದಿದೆ. ಕಡಿಮೆಯಾದ ಆ ಅಂಕಗಳೂ ಬಹುಮಟ್ಟಿಗೆ ಆರೋಗ್ಯವಂತರ ಮಿತಿಯೊಳಗೇ ಇದ್ದವು. ವ್ಯತ್ಯಾಸ ಗರ್ಭಿಣಿಗೆ ತಿಳಿಯುತ್ತದೆ, ಮನೆಯವರಿಗೂ ಒಮ್ಮೊಮ್ಮೆ ತಿಳಿಯುತ್ತದೆ. ಅವಳ ಉದ್ಯೋಗವನ್ನೋ ತೀರ್ಮಾನಶಕ್ತಿಯನ್ನೋ ಕುಂದಿಸುವಷ್ಟು ಅದು ದೊಡ್ಡದಲ್ಲ.

ನೆನಪೆಂಬುದು ಒಂದೇ ಪೆಟ್ಟಿಗೆಯಲ್ಲ. ಕಲಿತ ವಿದ್ಯೆ, ತವರಿನ ದಾರಿ, ಸಾರಿಗೆ ಹಾಕುವ ಹುಣಿಸೆಯ ಅಳತೆ, ಇವೆಲ್ಲ ಒಂದು ಬಗೆಯ ನೆನಪು. ಇದಕ್ಕೆ ಗರ್ಭಾವಸ್ಥೆಯಲ್ಲಿ ಹೇಳಿಕೊಳ್ಳುವಂಥ ಕೊರತೆಯಾಗುವುದಿಲ್ಲ. ಸಂಜೆ ಬರುವಾಗ ಔಷಧಿ ತರಬೇಕು, ನಾಳೆ ಹನ್ನೊಂದಕ್ಕೆ ಸೋನೋಗ್ರಫಿಗೆ ಹೋಗಬೇಕು ಎಂಬಂಥ, ಮುಂದೆ ಮಾಡಬೇಕಾದ ಕೆಲಸದ ನೆನಪು ಬೇರೊಂದು ಬಗೆ. ತಪ್ಪುವುದು ಹೆಚ್ಚಾಗಿ ಇದು. ಪ್ರಯೋಗಶಾಲೆಯ ಶಾಂತ ಕೋಣೆಯಲ್ಲಿ ಪರೀಕ್ಷಿಸಿದಾಗ ಇತರರಂತೆಯೇ ಉತ್ತರ ಕೊಟ್ಟ ಗರ್ಭಿಣಿಯರು, ಮನೆಗೆ ಹೋದ ಮೇಲೆ ಇಂಥ ದಿನ ಫೋನು ಮಾಡಬೇಕು, ಇಂಥ ಕಾಗದ ಅಂಚೆಗೆ ಹಾಕಬೇಕು ಎಂದು ಕೊಟ್ಟ ಕೆಲಸಗಳಲ್ಲಿ ಹಿಂದೆ ಬಿದ್ದುದು ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಿಂದಿನ ಕಾಲದ ಬ್ಯಾಂಕಿನ ಶಾಖೆಗಳಲ್ಲಿ ಯಾವ ಠೇವಣಿಯ ವಾಯಿದೆ ಯಾವ ದಿನ ಮುಗಿಯುತ್ತದೆಂದು ಬರೆದಿಡುವ ಡ್ಯೂ ಡೇಟ್ ಡೈರಿ ಇರುತ್ತಿತ್ತು. ಲೆಡ್ಜರಿನಲ್ಲಿ ಪೈಸೆಗೆ ಪೈಸೆ ತಾಳೆಯಾದರೂ ಆ ಡೈರಿಯ ಪುಟ ತಿರುವದಿದ್ದರೆ ಗಿರಾಕಿಗೆ ನೋಟೀಸು ಹೋಗುತ್ತಿರಲಿಲ್ಲ. ಗರ್ಭಿಣಿಯ ಮರೆವು ಬಹುಮಟ್ಟಿಗೆ ಡೈರಿಯ ಮರೆವು, ಲೆಡ್ಜರಿನದಲ್ಲ.

ಮಿದುಳಿನ ಒಳಗೇ ಬದಲಾವಣೆ ನಡೆಯುತ್ತದೆಂಬುದಕ್ಕೂ ಈಗ ಪುರಾವೆಯಿದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 25 ಮಂದಿ ಚೊಚ್ಚಲ ತಾಯಂದಿರ ಮಿದುಳನ್ನು ಗರ್ಭಧಾರಣೆಗೆ ಮುಂಚೆ ಮತ್ತು ಹೆರಿಗೆಯ ನಂತರ ಎಂ.ಆರ್.ಐ. ಯಂತ್ರದಿಂದ ಚಿತ್ರಿಸಿ ಹೋಲಿಸಿದ ಸಂಶೋಧನೆಯೊಂದು 2016ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಇತರರ ಮನಸ್ಸನ್ನೂ ಮುಖಭಾವವನ್ನೂ ಅರಿಯಲು ನೆರವಾಗುವ ಭಾಗಗಳಲ್ಲಿ ಮಿದುಳಿನ ಬೂದುಬಣ್ಣದ ಪದರ ತೆಳುವಾಗಿತ್ತು, ಎರಡು ವರ್ಷಗಳ ಮೇಲೂ ಹಾಗೆಯೇ ಇತ್ತು. ತೆಳುವಾಯಿತೆಂದ ಮಾತ್ರಕ್ಕೆ ನಷ್ಟವೆಂದು ತಿಳಿಯಬೇಕಾಗಿಲ್ಲ. ಅದೇ ತಾಯಂದಿರ ನೆನಪಿನ ಪರೀಕ್ಷೆಗಳಲ್ಲಿ ಇಳಿತವೇನೂ ಕಂಡುಬರಲಿಲ್ಲ. ಬದಲಾವಣೆ ಹೆಚ್ಚು ಆದವರಲ್ಲಿ ಶಿಶುವಿನ ಮೇಲಣ ಮಮತೆಯೂ ಹೆಚ್ಚಾಗಿತ್ತು. ಹರೆಯದಲ್ಲಿಯೂ ಮಿದುಳು ಹೀಗೆಯೇ ತೆಳುವಾಗುತ್ತದೆ. ಉಡುಪಿಯ ಕಡೆಯವರು ಮಲ್ಲಿಗೆಯ ಗಿಡವನ್ನು ಸವರುವುದು ಹೂವು ಚೆನ್ನಾಗಿ ಬಿಡಲೆಂದೇ ಅಲ್ಲವೇ? 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ವರದಿ ಬಂತು. ಕ್ಯಾಲಿಫೋರ್ನಿಯದ ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ತಮ್ಮನ್ನೇ ಪ್ರಯೋಗಕ್ಕೊಡ್ಡಿಕೊಂಡು, ಗರ್ಭಧಾರಣೆಗೆ ಮೂರು ವಾರ ಮೊದಲಿನಿಂದ ಹೆರಿಗೆಯಾಗಿ ಎರಡು ವರ್ಷ ಕಳೆಯುವವರೆಗೆ 26 ಬಾರಿ ಮಿದುಳಿನ ಚಿತ್ರ ತೆಗೆಸಿಕೊಂಡಿದ್ದರು. ವಾರವಾರವೂ ಬದಲಾವಣೆ ಹೇಗೆ ಮುಂದುವರಿಯುತ್ತದೆಂಬುದು ಅದರಿಂದ ತಿಳಿಯಿತು. ಸ್ತ್ರೀಶರೀರದ ಇಷ್ಟು ಸಾಮಾನ್ಯವಾದ ಘಟನೆಯನ್ನು ಕೂಲಂಕಷವಾಗಿ ನೋಡಲು ವಿಜ್ಞಾನಕ್ಕೆ ಇಷ್ಟು ಕಾಲ ಹಿಡಿಯಿತೆಂಬುದೇ ಸೋಜಿಗ.

ಕಾರಣಗಳಲ್ಲಿ ಮೊದಲನೆಯವು ಹಾರ್ಮೋನುಗಳು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್ ಒಂಬತ್ತು ತಿಂಗಳುದ್ದಕ್ಕೂ ಏರುತ್ತ ಹೋಗಿ, ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ತಳ ಮುಟ್ಟುತ್ತವೆ. ಎರಡನೆಯದು ನಿದ್ರೆ. ತುಂಬಿದ ಹೊಟ್ಟೆಯವಳು ರಾತ್ರಿ ನಾಲ್ಕು ಬಾರಿ ಏಳಬೇಕು. ಹೆತ್ತ ಮೇಲೆ ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಬೇಕು. ದಿನದಲ್ಲಿ ಕಂಡು ಕೇಳಿದ್ದನ್ನು ಮಿದುಳು ನೆನಪಾಗಿ ಹೆಪ್ಪುಗಟ್ಟಿಸುವುದು ನಿದ್ರೆಯಲ್ಲಿ. ಹಾಲು ಹೆಪ್ಪಾಗುವ ಮುನ್ನವೇ ಪಾತ್ರೆಯನ್ನು ಪದೇಪದೇ ಅಲುಗಿಸಿದರೆ ಮೊಸರಾಗುವುದು ಹೇಗೆ? ಇದರ ಮೇಲೆ ನಮ್ಮ ಉಪನಗರಗಳ ಜೀವನಕ್ರಮ. ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ಬೆಳಗಿನ ನೂಕುನುಗ್ಗಲಿನಲ್ಲಿ ಮಹಿಳೆಯರ ಡಬ್ಬಿಯೊಳಗೆ ಹೊಟ್ಟೆಯನ್ನು ಕೈಯಿಂದ ಮರೆಮಾಡಿಕೊಂಡು ನಿಂತವಳ ಗಮನವೆಲ್ಲ ಮೊಣಕೈಗಳ ಮೇಲೆ, ಇಳಿಯುವ ಬಾಗಿಲಿನ ಮೇಲೆ. ಸಂಜೆ ಕೊತ್ತಂಬರಿ ತರಬೇಕೆಂಬ ಮಾತಿಗೆ ಅಲ್ಲಿ ಜಾಗವೆಲ್ಲಿ? ಇದು ಮರೆವಲ್ಲ, ಹೊರೆ. ಹೊರೆಯ ಒಂದು ಭಾಗವನ್ನು ಗಂಡಸು ಹೊತ್ತರೆ ಎಷ್ಟೋ ಮರೆವುಗಳು ಔಷಧಿಯಿಲ್ಲದೆ ಇಳಿಯುತ್ತವೆ. ವಿದ್ಯುತ್ ಬಿಲ್ಲು, ಗ್ಯಾಸಿನ ನೋಂದಣಿ, ಸೊಸೈಟಿಯ ಹಣ, ಡಾಕ್ಟರ ತಾರೀಖು, ಇವಿಷ್ಟನ್ನು ಎಂಟು ತಿಂಗಳು ತಾನು ನೋಡಿಕೊಳ್ಳಲು ಪತಿಗೆ ಯಾವ ಪದವಿಯೂ ಬೇಕಾಗಿಲ್ಲ. ಉಳಿದದ್ದಕ್ಕೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರು, ಬಾಗಿಲ ಪಕ್ಕ ಕೀಲಿಕೈಗೂ ಪಾಸಿಗೂ ಒಂದೇ ಗೂಟ, ಫೋನಿನ ಗಂಟೆ, ಮಲಗುವ ಮುನ್ನ ಇನ್ನೊಬ್ಬರು ಗ್ಯಾಸಿನ ಗುಂಡಿಯನ್ನು ನೋಡುವ ರೂಢಿ, ಇಷ್ಟು ಸಾಕು.

ಇದುವರೆಗೆ ಹೇಳಿದ್ದು ಸಹಜವಾದ ಮರೆವು. ಅದರ ವೇಷದಲ್ಲಿ ಬರುವ ಕಾಯಿಲೆಗಳ ಮಾತಿಗೆ ಹೆಚ್ಚು ಎಚ್ಚರ ಬೇಕು.

ರಕ್ತಹೀನತೆ ಇವುಗಳಲ್ಲಿ ಅತ್ಯಂತ ವ್ಯಾಪಕವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆ. ಕಬ್ಬಿಣದ ಕೊರತೆಯಿಂದ ಆಯಾಸ, ಏದುಸಿರು, ಮನಸ್ಸು ಒಂದೆಡೆ ನಿಲ್ಲದಿರುವುದು ಮುಂತಾದವು ತೋರುತ್ತವೆ. ಮನೆಯವರಿಗೆ ಅದು ಮರೆವೆಂದೇ ಕಾಣುತ್ತದೆ. ಸರಕಾರದ ಕ್ರಮದಂತೆ ಕಬ್ಬಿಣ ಮತ್ತು ಫಾಲಿಕ್ ಆಮ್ಲದ ಮಾತ್ರೆಯನ್ನು ಗರ್ಭಾವಸ್ಥೆಯಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕು. ಹೆರಿಗೆಯಾದೊಡನೆ ಮಾತ್ರೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಮಾತ್ರೆಯ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಸುಣ್ಣದಂಶದ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಬಿ-12 ಜೀವಸತ್ವದ ಕೊರತೆಯೂ ಸಾಮಾನ್ಯ. ಅದು ನೆನಪನ್ನು ನೇರವಾಗಿಯೇ ತಟ್ಟುತ್ತದೆ. ಗರ್ಭಿಣಿಯರ ಉಚಿತ ತಪಾಸಣೆಗೆಂದು 2016ರಿಂದ ಪ್ರತಿ ತಿಂಗಳ 9ನೆಯ ತಾರೀಖನ್ನು ಸರಕಾರಿ ಆಸ್ಪತ್ರೆಗಳಲ್ಲಿ ಮೀಸಲಿಡಲಾಗಿದೆ. ನವಿಮುಂಬಯಿಯ ಕಟ್ಟಡ ಕೆಲಸಕ್ಕೆ ವಿಜಯಪುರ, ಕಲಬುರಗಿಯ ಕಡೆಯಿಂದ ಬಂದಿರುವ ಕುಟುಂಬಗಳಿಗೆ ಈ ತಾರೀಖನ್ನು ಸಂಘದ ಸದಸ್ಯರು ಕನ್ನಡದಲ್ಲಿ ತಿಳಿಸಿದರೆ ಬಹಳ ಉಪಕಾರವಾದೀತು.

ಥೈರಾಯ್ಡ್ ಗ್ರಂಥಿಯದು ಇನ್ನೂ ಗುಪ್ತವಾದ ಆಟ. ನೂರಕ್ಕೆ ಸುಮಾರು ಐದು ಮಂದಿ ಬಾಣಂತಿಯರಲ್ಲಿ ಈ ಗ್ರಂಥಿ ಊದಿಕೊಂಡು, ಮೊದಲ ಕೆಲವು ತಿಂಗಳು ಅತಿಯಾಗಿಯೂ ಅನಂತರ ಮಂದವಾಗಿಯೂ ಕೆಲಸ ಮಾಡುತ್ತದೆ. ಮಂದವಾದಾಗ ಮೈ ಭಾರ, ಚಳಿ, ಕೂದಲುದುರು, ಮರೆವು. ಇದು ಕಾಣುವುದು ಹೆರಿಗೆಯಾದ ನಾಲ್ಕರಿಂದ ಎಂಟು ತಿಂಗಳಲ್ಲಿ, ಅಂದರೆ ತವರಿನಿಂದ ಹಿಂದಿರುಗಿ ಕೆಲಸಕ್ಕೆ ಹೋಗಲಾರಂಭಿಸಿದ ಹೊತ್ತಿಗೆ. "ಮಗು, ಮನೆ, ಟ್ರೇನು, ಸುಸ್ತಾಗದೇ ಇರುತ್ತದೆಯೇ" ಎಂದು ಎಲ್ಲರೂ ಒಪ್ಪಿಕೊಳ್ಳುವುದರಿಂದ ಒಂದು ಸರಳ ರಕ್ತಪರೀಕ್ಷೆ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಬಸುರಿನಲ್ಲಿ ವಾರಗಟ್ಟಲೆ ನಿಲ್ಲದ ವಾಂತಿಯಾದವಳು ತಡವರಿಸಿ ನಡೆಯತೊಡಗಿದರೆ, ದಿಕ್ಕು ತಪ್ಪಿದಂತೆ ಮಾತನಾಡಿದರೆ, ಅದು ಥಯಮಿನ್ ಎಂಬ ಬಿ-1 ಜೀವಸತ್ವ ತೀರಿಹೋದ ಲಕ್ಷಣವಿರಬಹುದು. ಅಂದೇ ಆಸ್ಪತ್ರೆಗೆ ಒಯ್ಯಬೇಕು; ತಡವಾದರೆ ನೆನಪು ಹಿಂದಿರುಗದೇ ಹೋಗುವುದುಂಟು.

ಹೆರಿಗೆಯ ನಂತರದ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು, ರೇಗುವುದು ಬಹಳ ತಾಯಂದಿರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿ ಶಮನವಾಗುತ್ತದೆ. ಆಗದಿದ್ದರೆ, ಮಗುವಿನ ಮುಖ ನೋಡಿದರೂ ಸಂತೋಷವಾಗದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, "ನನಗೇನೂ ನೆನಪಿರುವುದಿಲ್ಲ, ನಾನು ತಾಯಿಯಾಗಲು ಲಾಯಕ್ಕಿಲ್ಲ" ಎಂಬ ಮಾತು ಮತ್ತೆ ಮತ್ತೆ ಬಂದರೆ, ಅದು ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಇದು ತಟ್ಟುತ್ತದೆ. ಇದನ್ನು ಗುರುತಿಸಲು 1987ರಲ್ಲಿ ರೂಪಿಸಿದ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳು. ಕನ್ನಡದಲ್ಲಿಯೂ ಅದು ಬಳಕೆಯಲ್ಲಿದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಅದನ್ನು ಕೇಳಲು ಮನೆಯವರು ಅಂಜಬಾರದು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ಬರುವ ತೀವ್ರ ಮನೋವಿಕಾರವನ್ನು ನಮ್ಮವರು ಬಾಣಂತಿ ಸನ್ನಿಯೆಂದು ಕರೆದು, ಕೆಲವೊಮ್ಮೆ ಗಾಳಿ, ಗ್ರಹವೆಂದು ತಾಯಿತಕ್ಕೆ ಓಡಿದ್ದಾರೆ. ಇದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ನಿದ್ರೆ ಪೂರ್ತಿ ಹೋಗುತ್ತದೆ, ಮಾತು ಹಳಿ ತಪ್ಪುತ್ತದೆ, ಇಲ್ಲದ ದನಿ ಕೇಳುತ್ತದೆ, ಇದು ತನ್ನ ಮಗುವೇ ಅಲ್ಲವೆನ್ನುವವರೂ ಉಂಟು. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕಾದ ಸ್ಥಿತಿಯಿದು, ಚಿಕಿತ್ಸೆಯಿಂದ ಗುಣವಾಗುತ್ತದೆ. ನಮ್ಮ ಕಡೆ ತಡವಾಗುವುದಕ್ಕೆ ಊರಿನ ಹೆಸರೂ ಒಂದು ಕಾರಣವೇನೋ. 1901ರಿಂದ ಮಾನಸಿಕ ಆಸ್ಪತ್ರೆಯಿರುವುದರಿಂದ "ಥಾಣೆಗೆ ಕಳಿಸಬೇಕು" ಎಂಬುದು ಮುಂಬಯಿಯಲ್ಲಿ ಹಾಸ್ಯದ ಮಾತಾಗಿಬಿಟ್ಟಿದೆ. ಥಾಣೆಯಲ್ಲಿಯೇ ಬಾಳುವವರಿಗೆ ಆ ಹಾಸ್ಯ ರುಚಿಸದು, ಕಾಯಿಲೆ ಬಂದವರ ಮನೆಗಂತೂ ಅದು ನಾಚಿಕೆಯ ಗೋಡೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2009ರಲ್ಲಿ ತಾಯಿ-ಮಗುವಿನ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಅಲ್ಲಿ ತಾಯಿಯೊಡನೆ ಹಸುಗೂಸನ್ನೂ ಸೇರಿಸಿಕೊಂಡು ಇಬ್ಬರನ್ನೂ ಬೇರ್ಪಡಿಸದೆ ಚಿಕಿತ್ಸೆ ನೀಡುತ್ತಾರೆ. ಭಾರತದಲ್ಲಿ ಅಂಥದ್ದು ಅದೇ ಮೊದಲನೆಯದು. ದೂರದಲ್ಲಿರುವವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡಬಹುದು.

ನಿಮ್ಹಾನ್ಸಿನಿಂದ ಬಂದ ಇನ್ನೊಂದು ಪಾಠ ಬಾಣಂತಿಯ ನೀರಿನದು. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಆ ಹೊತ್ತಿಗೆ "ನೀರು ಕುಡಿದರೆ ಹೊಟ್ಟೆ ಬರುತ್ತದೆ" ಎಂದು ನೀರನ್ನು ತಡೆದು ಬಿಸಿಯ ಕೋಣೆಯಲ್ಲಿ ಮಲಗಿಸಿದರೆ ರಕ್ತ ಇನ್ನಷ್ಟು ಮಂದವಾಗಿ ಮಿದುಳಿನ ಸಿರೆಗಳಲ್ಲಿಯೇ ಹೆಪ್ಪುಗಟ್ಟಬಹುದು. ಬಿಡದ ತಲೆನೋವು, ವಾಂತಿ, ಮಂಪರು, ಗುರುತು ಸಿಗದಿರುವುದು, ಸೆಳವು, ಕೈಕಾಲು ಸೋಲುವುದು ಅದರ ಲಕ್ಷಣಗಳು. ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಇಂಥ 57 ಬಾಣಂತಿಯರಲ್ಲಿ ಹೆಪಾರಿನ್ ಔಷಧಿಯನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಪಂಚದ ವೈದ್ಯರ ಗಮನ ಸೆಳೆಯಿತು. ಅಂಟಿನುಂಡೆಯೂ ಇರಲಿ, ಎಣ್ಣೆನೀರೂ ಇರಲಿ, ಬೆಚ್ಚನೆಯ ಹೊದಿಕೆಯೂ ಇರಲಿ. ಕುಡಿಯುವ ನೀರನ್ನು ಮಾತ್ರ ಕಟ್ಟುಮಾಡಬಾರದು. ತಲೆನೋವಿನ ಬಾಣಂತಿಗೆ ರಕ್ತದೊತ್ತಡವನ್ನು ಅಂದೇ ನೋಡಿಸಬೇಕು.

ಊರಿನಲ್ಲಿ ಬಾಣಂತನವೆಂದರೆ ಕೇವಲ ಉಪಚಾರವಾಗಿರಲಿಲ್ಲ, ಅದೊಂದು ಪಹರೆಯೂ ಆಗಿತ್ತು. ಅಜ್ಜಿ, ದೊಡ್ಡಮ್ಮ, ಅತ್ತಿಗೆ, ಎರೆಯಲು ಬರುವ ಹೆಂಗಸು, ಇವರಲ್ಲಿ ಯಾರಾದರೊಬ್ಬರು "ಇವಳ ನೋಟ ಸರಿಯಿಲ್ಲ" ಎಂದು ಮೊದಲು ಗುರುತಿಸುತ್ತಿದ್ದರು. ಫ್ಲ್ಯಾಟಿನ ಮುಚ್ಚಿದ ಬಾಗಿಲಿನ ಹಿಂದೆ ಬೆಳಗಿನಿಂದ ಸಂಜೆಯವರೆಗೆ ತಾಯಿ ಮತ್ತು ಶಿಶು ಇಬ್ಬರೇ. ಆದಕಾರಣ ಇಂದಿಗೂ ಅನೇಕರು ಏಳನೆಯ ತಿಂಗಳಿನಲ್ಲಿ ಥಾಣೆಯಲ್ಲಿ ಮತ್ಸ್ಯಗಂಧವನ್ನೋ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ತವರಿಗೆ ಹೋಗುತ್ತಾರೆ. ಹೋಗುವುದು ಒಳ್ಳೆಯದೇ. ಆದರೆ ಇಲ್ಲಿಯ ರಕ್ತಪರೀಕ್ಷೆಯ ಕಾಗದ ಇಲ್ಲಿಯೇ ಉಳಿದು, ಅಲ್ಲಿಯ ಹೆರಿಗೆಯ ವಿವರ ಅಲ್ಲಿಯೇ ಉಳಿದು, ನಡುವೆ ಮರೆವಿನ ಕಾಲದಲ್ಲಿರುವ ಹೆಣ್ಣುಮಗಳ ನೆನಪೊಂದೇ ಎರಡು ರಾಜ್ಯಗಳ ವೈದ್ಯರಿಗೆ ಆಧಾರವಾಗುವುದು ಮಾತ್ರ ಸರಿಯಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದೊತ್ತಡ, ಸೇವಿಸುತ್ತಿರುವ ಮಾತ್ರೆಗಳ ಹೆಸರು, ಹಿಂದೆಂದಾದರೂ ಖಿನ್ನತೆಯ ಚಿಕಿತ್ಸೆ ಪಡೆದಿದ್ದರೆ ಅದು, ಇವೆಲ್ಲ ಒಂದೇ ಕಡತದಲ್ಲಿ ಹೋಗುವಾಗಲೂ ಬರುವಾಗಲೂ ಜೊತೆಗಿರಬೇಕು. ಇಲ್ಲಿಯ ವೈದ್ಯರೊಡನೆ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಜ್ವರ, ಕೆಮ್ಮುಗಳನ್ನು ಹೇಳಿಕೊಳ್ಳಬಲ್ಲವರಿಗೂ ಮನಸ್ಸಿನ ಸಂಕಟ ಹೇಳಲು ತಾಯ್ನುಡಿಯೇ ಬೇಕಾಗುತ್ತದೆ. ಅಂಥಲ್ಲಿ ಎರಡು ಭಾಷೆ ಬಲ್ಲ ನೆರೆಮನೆಯ ಅಕ್ಕನೊಬ್ಬಳು ಜೊತೆಗೆ ಹೋದರೆ ಅರ್ಧ ಕೆಲಸ ಆದಂತೆ.

ಉದ್ಯೋಗಕ್ಕೆ ಹಿಂದಿರುಗುವ ಕಾಲದ ಬಗ್ಗೆಯೂ ಒಂದು ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ರಜೆ ನೀಡುತ್ತಿತ್ತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅಷ್ಟೇ ಇದೆ. ಆರು ತಿಂಗಳ ನಂತರ ಕಚೇರಿಗೆ ಬಂದವಳು ಒಂದು ಕಡತದ ಸಂಖ್ಯೆಯನ್ನು ಎರಡು ಬಾರಿ ಕೇಳಿದರೆ ಪಕ್ಕದ ಮೇಜಿನವರು ಮುಸಿಮುಸಿ ನಗುವುದುಂಟು. ಆರು ತಿಂಗಳ ಸುತ್ತೋಲೆಗಳನ್ನು ಓದದ ಯಾವ ಗಂಡಸೂ ಹಾಗೆಯೇ ಕೇಳುತ್ತಿದ್ದ. ಇನ್ನು ಕಂಪ್ಯೂಟರಿನ ಪಾಸ್‌ವರ್ಡು ನೆನಪಿಲ್ಲವೆಂದರೆ, ಅದರ ಅವಧಿ ಹೇಗೂ ಮುಗಿದಿರುತ್ತದೆ. ಮೊದಲ ಎರಡು ಮೂರು ವಾರ ಕೆಲಸವನ್ನು ಬಾಯಿಮಾತಿನಲ್ಲಿ ಹೇಳದೆ ಬರೆದುಕೊಟ್ಟರೆ ಅವಳಿಗೂ ಕಚೇರಿಗೂ ಅನುಕೂಲ. ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ದಿನಕ್ಕೆ ನಾಲ್ಕು ಬಾರಿ ತಾಯಿ ಅಲ್ಲಿಗೆ ಹೋಗಿ ಮಗುವನ್ನು ನೋಡಿಬರಬಹುದು, ಈ ಸೌಲಭ್ಯಗಳನ್ನು ಕೆಲಸಕ್ಕೆ ಸೇರುವಾಗಲೇ ಪ್ರತಿ ಮಹಿಳೆಗೂ ಲಿಖಿತವಾಗಿ ತಿಳಿಸಬೇಕು ಎಂದು 2017ರ ತಿದ್ದುಪಡಿ ವಿಧಿಸಿತು. ತಮ್ಮ ಕೈಯಲ್ಲಿ ಅಂಥ ಕಾಗದವಿಲ್ಲದವರು ರಜೆಯ ಅರ್ಜಿಯ ಜೊತೆಯಲ್ಲಿಯೇ ಅದನ್ನು ಕೇಳಿ ಪಡೆಯಬಹುದು.